ಅಜ್ಜನ ಮನೆಯ ಕೇರಂ ಬೋರ್ಡು: ಇಪ್ಪತ್ತೆರಡು ದಿನಗಳ ರಿಪೇರಿ

ನಾವು ಒಟ್ಟು ಹನ್ನೊಂದು ಜನ. ದೊಡ್ಡಪ್ಪನ ಮಕ್ಕಳು ಇಬ್ಬರು, ನಾವು ಮೂವರು, ಚಿಕ್ಕಪ್ಪನ ಮಕ್ಕಳು ಇಬ್ಬರು, ಅತ್ತೆಯ ಮಕ್ಕಳು ನಾಲ್ವರು. ಎಲ್ಲರೂ ಒಂದೇ ಸೂರಿನ ಕೆಳಗೆ ಸೇರಿ ಹದಿನಾಲ್ಕು ವರ್ಷ ಆಗಿತ್ತು. ಮದುವೆಗೆ ಐದು ಜನ, ಗೃಹಪ್ರವೇಶಕ್ಕೆ ಏಳು ಜನ ಎಂದು ಲೆಕ್ಕ ತುಂಬುತ್ತಲೇ ಇರಲಿಲ್ಲ. ಈ ಸಲ ಎಲ್ಲರೂ ರಜೆ ಹಾಕಿ ಎರಡು ದಿನ ಒಟ್ಟಿಗಿರುವುದು ಎಂದು ತೀರ್ಮಾನವಾದ ಮೇಲೆ ದೊಡ್ಡಪ್ಪನ ಮಗಳು, ನಮ್ಮೆಲ್ಲರಿಗಿಂತ ಹಿರಿಯಳು, ನಾವು ದೊಡ್ಡಕ್ಕ ಅನ್ನುವವಳು, ಫೋನಿನಲ್ಲಿ ಕೇಳಿದ್ದು ಒಂದೇ: "ಆ ಕೇರಂ ಬೋರ್ಡ್ ಎಲ್ಲಿದೆಯೋ?"

ನನ್ನ ಹತ್ತಿರವೇ ಇತ್ತು. ಅಜ್ಜನ ಮನೆ ಖಾಲಿ ಮಾಡುವಾಗ ಒಬ್ಬೊಬ್ಬರು ಒಂದೊಂದು ಎತ್ತಿಕೊಂಡಿದ್ದೆವು, ನಾನು ಬೋರ್ಡು ತಂದಿದ್ದೆ. ತಂದವನು ಬೀರುವಿನ ಹಿಂದೆ ಗೋಡೆಗೆ ಒರಗಿಸಿ ಇಟ್ಟುಬಿಟ್ಟೆ. ಆ ಗೋಡೆಗೆ ಮಳೆಗಾಲದಲ್ಲಿ ತೇವ ಬರುತ್ತದೆ. ನಾನು ಮಾಡಿದ ದೊಡ್ಡ ತಪ್ಪು ಅದು. ಮುಂದಿನ ಇಪ್ಪತ್ತೆರಡು ದಿನಗಳಲ್ಲಿ ಹೆಚ್ಚು ಪಾಲು ಅದನ್ನು ಸರಿಪಡಿಸುವುದಕ್ಕೇ ಹೋಯಿತು. ಮಾಡಿದ ಕೆಲಸವನ್ನು ದಿನದ ಲೆಕ್ಕದಲ್ಲಿ ಬರೆದಿಟ್ಟಿದ್ದೇನೆ. ಹಳೆಯ ಬೋರ್ಡು ಮನೆಯಲ್ಲಿರುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲ ದಿನ: ಪರೀಕ್ಷೆ

ಹೊರಗೆ ತಂದು, ಧೂಳು ಒರೆಸಿ, ಹಗಲು ಬೆಳಕಿನಲ್ಲಿ ಮೇಜಿನ ಮೇಲೆ ಮಲಗಿಸಿದೆ. ಆಟದ ಜಾಗ 74 ಸೆಂಟಿಮೀಟರ್ ಚದರ, ಅಂದರೆ ನಾವು ಇಪ್ಪತ್ತೊಂಬತ್ತು ಇಂಚಿನ ಬೋರ್ಡು ಅನ್ನುವ ಪೂರ್ತಿ ಅಳತೆ. ಸುತ್ತ ಗಟ್ಟಿ ಮರದ ಚೌಕಟ್ಟು, ಮಧ್ಯದಲ್ಲಿ 12 ಮಿಲಿಮೀಟರ್ ಪ್ಲೈವುಡ್.

ಒಂದು ಕಾಯಿಯನ್ನು ಅಂಚಿನಿಂದ ಮೆಲ್ಲಗೆ ತಳ್ಳಿದೆ. ಅದು ನಿಧಾನವಾಗಿ ಮಧ್ಯದ ಕಡೆಗೆ ತಿರುಗಿ ಅಲ್ಲೇ ನಿಂತಿತು. ಇನ್ನೊಂದು ಮೂಲೆಯಿಂದ ತಳ್ಳಿದರೂ ಅದೇ ಕಥೆ. ಬೋರ್ಡು ತಟ್ಟೆಯ ಹಾಗೆ ಒಳಬಾಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಉಳಿದದ್ದು: ಗೋಡೆಗೆ ತಾಗಿದ್ದ ಒಂದು ಮೂಲೆಯಲ್ಲಿ ಪ್ಲೈವುಡ್ಡಿನ ಪದರಗಳು ಬಾಯಿ ಬಿಟ್ಟಿದ್ದವು. ಚೌಕಟ್ಟಿನ ಒಂದು ಕೂಡು 3 ಮಿಲಿಮೀಟರ್ ಸಡಿಲ. ನಾಲ್ಕು ಪಾಕೆಟ್ಟಿನ ಬಲೆಗಳಲ್ಲಿ ಒಂದೂ ಇಲ್ಲ. ಕಾಯಿಗಳು ಹತ್ತೊಂಬತ್ತರಲ್ಲಿ ಹದಿನಾರು: ಕಪ್ಪು ಒಂಬತ್ತೂ ಇವೆ, ಬಿಳಿ ಏಳು, ರೆಡ್ ಇಲ್ಲ. ಮೂಲೆಗಳಲ್ಲಿ ಹಳೆಯ ಬೋರಿಕ್ ಪೌಡರ್ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಚೌಕಟ್ಟಿನ ಒಂದು ಪಕ್ಕದಲ್ಲಿ ಮರದ ಗಂಟು. ಅದನ್ನು ನೋಡಿದ ತಕ್ಷಣ ಅಜ್ಜನ ದನಿ ಕಿವಿಗೆ ಬಂತು. ಬೋರ್ಡು ಹಾಸುವಾಗಲೆಲ್ಲ "ಗಂಟು ಕಿಟಕಿ ಕಡೆಗೆ ಬರಲಿ" ಅನ್ನುತ್ತಿದ್ದರು. ನೆಲ ಸಮ ಇಲ್ಲ, ಹಾಗೆ ಇಟ್ಟರೇ ಬೋರ್ಡು ಅಲುಗಾಡದೆ ಕೂರುತ್ತದೆ ಎಂದು ನಾವೆಲ್ಲ ನಂಬಿದ್ದೆವು.

ಆಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿದು ಪಾಕೆಟ್ಟುಗಳ ಅಳತೆ ತೆಗೆದೆ. 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೇರಂ ಫೆಡರೇಷನ್ನಿನ ನಿಯಮದಲ್ಲಿ ಪಾಕೆಟ್ಟಿನ ವ್ಯಾಸ 4.45 ಸೆಂಟಿಮೀಟರ್, ಹೆಚ್ಚುಕಡಿಮೆ 0.15 ಆಗಬಹುದು. ಮೂರು ಪಾಕೆಟ್ಟು 4.4ರಿಂದ 4.5ರೊಳಗೇ ಇದ್ದವು. ನಾಲ್ಕನೆಯದು ದುಂಡಗೇ ಇರಲಿಲ್ಲ. ಅಡ್ಡಕ್ಕೆ 4.6, ಬೋರ್ಡಿನ ಮಧ್ಯದ ದಿಕ್ಕಿಗೆ 4.9. ಬೆರಳು ತೂರಿಸಿ ಒಳ ಅಂಚು ಸವರಿದರೆ ಸಣ್ಣ ಸಣ್ಣ ಓರೆ ಗೀರುಗಳು ಕೈಗೆ ಸಿಕ್ಕವು. ಅರದ ಗೀರುಗಳು. ಸವೆದು ದೊಡ್ಡದಾದ ತೂತಿನ ಅಂಚು ನುಣುಪಾಗಿರುತ್ತದೆ, ಇದು ಹಾಗಲ್ಲ. ಯಾರೋ ಬೇಕೆಂದೇ ಉಜ್ಜಿದ್ದು.

ಕಾಯಿಯ ವ್ಯಾಸ ಹೆಚ್ಚೆಂದರೆ 3.18 ಸೆಂಟಿಮೀಟರ್. ನಿಯಮದ ಪಾಕೆಟ್ಟಿನಲ್ಲಿ ಅದಕ್ಕೆ ಸಿಗುವ ಸಡಿಲು ಒಂದೂಕಾಲು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಇಲ್ಲಿ ಅದು ಒಂದೂ ಮುಕ್ಕಾಲರ ಹತ್ತಿರ. ಕೇರಂ ಆಡಿದವರಿಗೆ ಆ ಅರ್ಧ ಸೆಂಟಿಮೀಟರಿನ ಬೆಲೆ ಗೊತ್ತು.

ರಾತ್ರಿ ಗ್ರೂಪಿಗೆ ಫೋಟೋ ಹಾಕಿ ಕೇಳಿದೆ: ಈ ಪಾಕೆಟ್ಟು ಯಾರು ಅರ ಹಾಕಿದ್ದು? ಒಬ್ಬೊಬ್ಬರೂ ಇನ್ನೊಬ್ಬರ ಹೆಸರು ಹೇಳಿದರು. ಹೆಚ್ಚು ಮತ ಬಿದ್ದದ್ದು ಅತ್ತೆಯ ದೊಡ್ಡ ಮಗನಿಗೆ, ಅಂದರೆ ನನ್ನ ಭಾವನಿಗೆ. ಯಾವಾಗಲೂ ಗೆಲ್ಲುತ್ತಿದ್ದವನು ಅವನೇ. "ನಾನು ಅರ ಕಣ್ಣಲ್ಲೂ ನೋಡಿಲ್ಲ" ಎಂದು ಅವನು ಬರೆದ. ದೊಡ್ಡಕ್ಕ ಏನೂ ಬರೆಯಲಿಲ್ಲ.

ಎರಡನೆಯ ದಿನ: ಬಿಚ್ಚುವುದು

ಚೌಕಟ್ಟನ್ನು ಕೆಳಗಿನಿಂದ ಸ್ಕ್ರೂ ಹಾಕಿ ಕೂರಿಸಿದ್ದರು. ಬಿಚ್ಚುವ ಮೊದಲು ನಾಲ್ಕು ಪಕ್ಕಕ್ಕೂ ಸೀಮೆಸುಣ್ಣದಲ್ಲಿ 1, 2, 3, 4 ಎಂದು ಗುರುತು ಮಾಡಿಕೊಂಡೆ, ಪ್ಲೈವುಡ್ಡಿನ ಮೇಲೂ ಅದೇ ಸಂಖ್ಯೆ. ಇಷ್ಟು ವರ್ಷ ಜೊತೆಗಿದ್ದ ಮರಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಅದಲುಬದಲಾದರೆ ಕೂಡು ಕೂರುವುದಿಲ್ಲ.

ಸ್ಕ್ರೂಗಳು ತುಕ್ಕು ಹಿಡಿದು ಮರಕ್ಕೆ ಕಚ್ಚಿದ್ದವು. ಬಲ ಹಾಕಿದರೆ ತಲೆ ಸವೆದು ಹೋಗುತ್ತದೆ. ಸೋಲ್ಡರಿಂಗ್ ಐರನ್ ಕಾಯಿಸಿ ಒಂದೊಂದು ಸ್ಕ್ರೂವಿನ ತಲೆಯ ಮೇಲೆ ಒಂದು ನಿಮಿಷ ಇಟ್ಟು, ತಣ್ಣಗಾಗಲು ಬಿಟ್ಟು, ಆಮೇಲೆ ತಿರುಗಿಸಿದೆ. ಬಿಸಿಗೆ ಕಬ್ಬಿಣ ಹಿಗ್ಗಿ, ತಣಿದಾಗ ಕುಗ್ಗಿ, ಹಿಡಿತ ಬಿಡುತ್ತದೆ. ಹದಿನಾರರಲ್ಲಿ ಹದಿನೈದು ಹೀಗೆ ಬಂದವು. ಒಂದು ಮುರಿಯಿತು. ಅದರ ಸುತ್ತ ತೂತು ಕೊರೆದು ಹೊರಗೆ ತೆಗೆದು, ಮರದ ಗೂಟ ಬಡಿದು ಮುಚ್ಚಿದೆ.

ಬೋರ್ಡಿನ ಬೆನ್ನಿಗೆ ಅಂಟಿಸಿದ್ದ ಒಂದು ಪೇಪರ್ ಕಟಿಂಗ್ ಸಿಕ್ಕಿತು. ಮರಿಯಾ ಇರುದಯಂ ಅವರ ಚಿತ್ರ. ಕೇರಂ ಆಟಕ್ಕೆ ಮೊದಲ ಸಲ ಅರ್ಜುನ ಪ್ರಶಸ್ತಿ ಬಂದದ್ದು 1996ರಲ್ಲಿ, ಅವರಿಗೆ. ಅಂಟಿಸಿದವನು ಭಾವ. ಅವರ ಹಾಗೆ ಮಣಿಕಟ್ಟು ಅಲುಗದೆ ಹೊಡೆಯಬೇಕು ಎಂದು ಇಡೀ ಬೇಸಿಗೆ ರಜೆ ಅಭ್ಯಾಸ ಮಾಡಿದ್ದ. ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಹಾಸಿಟ್ಟರೆ ಕಟಿಂಗ್ ಎದ್ದು ಬರುತ್ತಿತ್ತೇನೋ, ಆದರೆ ಬೆನ್ನಿಗೆ ಇನ್ನಷ್ಟು ನೀರು ಕುಡಿಸುವ ಧೈರ್ಯ ಬರಲಿಲ್ಲ. ಇದ್ದಲ್ಲೇ ಇರಲಿ ಎಂದು ಬಿಟ್ಟೆ.

ಚೌಕಟ್ಟು ತೆಗೆದ ಮೇಲೆ ಪ್ಲೈವುಡ್ಡಿನ ಮೂಲೆಯಿಂದ ಮೂಲೆಗೆ ದಾರ ಬಿಗಿದು ಮಧ್ಯದಲ್ಲಿ ಅಳೆದೆ. ದಾರಕ್ಕೂ ಹಲಗೆಗೂ ನಡುವೆ 7 ಮಿಲಿಮೀಟರ್.

ಮೂರರಿಂದ ಒಂಬತ್ತನೆಯ ದಿನ: ಬಾಗು ತೆಗೆಯುವುದು

ಈ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೆಯ ಬೋರ್ಡುಗಳು ಕೆಡುವುದು ಹೆಚ್ಚಾಗಿ ಹೀಗೆಯೇ.

ಮರ ತೇವ ಹೀರಿದರೆ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ, ಬೆಸ ಸಂಖ್ಯೆಯಲ್ಲಿ ಅಂಟಿಸುವುದು ಇದೇ ಕಾರಣಕ್ಕೆ. ಒಂದರ ಹಿಗ್ಗನ್ನು ಇನ್ನೊಂದು ತಡೆಯಲಿ ಎಂದು. ಎರಡೂ ಮುಖ ಸಮನಾಗಿ ತೇವ ಹೀರಿದರೆ ಹಲಗೆ ನೇರವಾಗಿಯೇ ಉಳಿಯುತ್ತದೆ. ಕೇರಂ ಬೋರ್ಡಿನ ಕಷ್ಟ ಇಲ್ಲಿದೆ: ಆಡುವ ಮುಖಕ್ಕೆ ನಾಲ್ಕೈದು ಕೋಟು ಪಾಲಿಶ್ ಇರುತ್ತದೆ, ಬೆನ್ನು ಬರಿ ಮರ. ನಮ್ಮ ಬೋರ್ಡಿನ ಬೆನ್ನು ತೇವದ ಗೋಡೆ ಕಡೆಗಿತ್ತು. ಬೆನ್ನು ಹಿಗ್ಗಿತು, ಮುಖ ಹಾಗೇ ಇತ್ತು, ಹಲಗೆ ಬೆನ್ನಿನ ಕಡೆಗೆ ಉಬ್ಬಿತು. ಒರಗಿಸಿಟ್ಟ ಹಲಗೆಯ ಸ್ವಂತ ಭಾರ ನಡುವನ್ನು ಗೋಡೆಯ ಕಡೆಗೇ ಜಗ್ಗುತ್ತದೆ, ಅದೂ ಸೇರಿಕೊಂಡಿತು.

ಹಾಗಾದರೆ ಬೆನ್ನಿನ ತೇವ ಹೋಗಬೇಕು, ಹೋಗುವಾಗ ಹಲಗೆ ನೇರವಾಗಿ ಇರಬೇಕು. ಮೂರನೆಯ ದಿನ ಆತುರಕ್ಕೆ ಬಿದ್ದು ಬಿಸಿಲಿಗೆ ಇಟ್ಟೆ. ಎರಡು ಗಂಟೆಯಲ್ಲಿ ಬಿಟ್ಟಿದ್ದ ಮೂಲೆ ಇನ್ನೂ ಎರಡು ಬೆರಳು ಒಳಗಿನವರೆಗೆ ಬಾಯಿ ತೆರೆಯಿತು. ಮೇಲಿನ ಪದರ ಬೇಗ ಒಣಗಿ ಕುಗ್ಗಿತು, ಒಳಗಿನದು ತೇವವಾಗಿಯೇ ಇತ್ತು, ಎರಡರ ಎಳೆದಾಟಕ್ಕೆ ಹಳೆಯ ಅಂಟು ಸೋತಿತು. ಕೂಡಲೇ ಒಳಗೆ ತಂದೆ. ಕೋಣೆಯ ನೆಲ ಸಮವಾಗಿದೆಯೇ ಎಂದು ರಸಮಟ್ಟದಲ್ಲಿ ನೋಡಿ, ಹಲಗೆಯ ಮುಖ ಕೆಳಗೆ ಮಾಡಿ, ಅಡಿಯಲ್ಲಿ ಹಳೆಯ ಹೊದಿಕೆ ಹಾಸಿ, ಉಬ್ಬಿದ ಬೆನ್ನಿನ ನಡುವೆ ಇಟ್ಟಿಗೆ ಪೇರಿಸಿದೆ. ಇಟ್ಟಿಗೆ ಮತ್ತು ಹಲಗೆಯ ಮಧ್ಯೆ ಸಣ್ಣ ರೀಪುಗಳನ್ನು ಬಿಟ್ಟು ಗಾಳಿ ಆಡುವ ಹಾಗೆ ಮಾಡಿ ಫ್ಯಾನ್ ಹಾಕಿದೆ. ಮೊದಲ ದಿನ ಆರು ಇಟ್ಟಿಗೆ, ದಿನಕ್ಕೆ ಎರಡೆರಡು ಹೆಚ್ಚು. ಒಂದೇ ಸಲ ಭಾರ ಹೇರಬಾರದು.

ಬೆಳಿಗ್ಗೆ ದಾರ ಬಿಗಿದು ಅಳೆಯುವುದು ದಿನಚರಿಯಾಯಿತು. 7, ಆರೂವರೆ, 5, 4, ಮೂರೂವರೆ, 3. ಒಂಬತ್ತನೆಯ ದಿನವೂ 3. ಅಲ್ಲಿಗೆ ನಿಂತಿತು. ಮರ ತಾನಾಗಿ ಬರುವಷ್ಟು ಬಂದಿದೆ, ಉಳಿದದ್ದನ್ನು ಅಡ್ಡಪಟ್ಟಿ ಕಟ್ಟಿ ಹಿಡಿಯಬೇಕು.

ಒಣಗುವ ಆ ವಾರ ಗ್ರೂಪಿನಲ್ಲಿ ದಿನವೂ ಬೋರ್ಡಿನದೇ ಮಾತು. ಯಾರು ಯಾವ ಕಡೆ ಕೂರುತ್ತಿದ್ದರು ಎಂದು ಚಿಕ್ಕಪ್ಪನ ಮಗ ಒಂದು ನಕ್ಷೆ ಬರೆದು ಹಾಕಿದ. ಅದಕ್ಕೆ ತಿದ್ದುಪಡಿಯ ಮೇಲೆ ತಿದ್ದುಪಡಿ. ಕನ್ನಡದಲ್ಲಿ ನಮ್ಮನ್ನೆಲ್ಲ ಸೇರಿಸಿ ಕರೆಯುವ ಒಂದು ಮನೆಮಾತು ಇಲ್ಲ. ಒಬ್ಬಳು ಅಕ್ಕ, ಒಬ್ಬ ಭಾವ, ಒಬ್ಬಳು ಅತ್ತಿಗೆ, ಒಬ್ಬ ತಮ್ಮ. ಬೋರ್ಡಿನ ಸುತ್ತ ಕೂತಾಗ ಮಾತ್ರ ಕಪ್ಪಿನವರು, ಬಿಳಿಯವರು, ಮುಂದಿನ ಆಟಕ್ಕೆ ಕಾಯುವವರು ಎಂದು ಮೂರೇ ಜಾತಿ. ನಕ್ಷೆಯಲ್ಲಿ ಎಲ್ಲರೂ ಒಪ್ಪಿದ್ದು ಎರಡು ಜಾಗ. ಪುಟ್ಟಿ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಅವಳ ಎಡಗಡೆಯ ಜಾಗ ಭಾವನದು, ಅದನ್ನು ಅವನು ಯಾರಿಗೂ ಬಿಟ್ಟುಕೊಟ್ಟದ್ದೇ ಇಲ್ಲ.

ಹತ್ತನೆಯ ದಿನ: ಬಾಯಿ ಬಿಟ್ಟ ಮೂಲೆ

ಪದರಗಳ ನಡುವೆ ಅಂಟು ತಲುಪಿಸುವುದೇ ಇಲ್ಲಿ ಕಷ್ಟ. ಚಾಕುವಿನ ತುದಿಯಲ್ಲಿ ತುರುಕಿದರೆ ಬಾಯಿಯಲ್ಲಷ್ಟೇ ನಿಲ್ಲುತ್ತದೆ. ಮೊದಲು ತೆಳ್ಳಗಿನ ಉಕ್ಕಿನ ಪಟ್ಟಿಯಿಂದ ಒಳಗಿನ ಧೂಳು ಕೆರೆದು ಊದಿ ತೆಗೆದೆ. ಫೆವಿಕಾಲಿಗೆ ಹತ್ತರಲ್ಲೊಂದು ಪಾಲು ನೀರು ಬೆರೆಸಿ, ಸಿರಿಂಜಿಗೆ ತುಂಬಿ, ದಪ್ಪ ಸೂಜಿಯಿಂದ ಬಿರುಕಿನ ತಳದವರೆಗೆ ಬಿಟ್ಟೆ. ಹೊರಗೆ ಉಕ್ಕುವವರೆಗೆ ತುಂಬಬೇಕು. ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು, ಆಮೇಲೆ ಕ್ಲ್ಯಾಂಪು. ಪ್ಲಾಸ್ಟಿಕ್ ಮರೆತರೆ ಮರದ ತುಂಡೂ ಬೋರ್ಡಿನ ಭಾಗವಾಗಿಬಿಡುತ್ತದೆ. ಇಪ್ಪತ್ತನಾಲ್ಕು ಗಂಟೆ ಮುಟ್ಟಲಿಲ್ಲ.

ಹನ್ನೆರಡನೆಯ ದಿನ: ಅಡ್ಡಪಟ್ಟಿ

ಬೆನ್ನಿಗೆ ಹಳೆಯ ಎರಡು ಪಟ್ಟಿ ಸಾಲದು ಎನ್ನಿಸಿ ನಾಲ್ಕು ಹಾಕಿದೆ, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು. ಅವು ದಾಟುವ ಕಡೆ ಎರಡರಲ್ಲೂ ಅರ್ಧರ್ಧ ದಪ್ಪ ಉಳಿಯಿಂದ ಕೆತ್ತಿ ಒಂದರೊಳಗೊಂದು ಕೂರಿಸಿದೆ. ಪಟ್ಟಿಯ ಜಾಗ ಲೆಕ್ಕ ಹಾಕುವಾಗ ಪೇಪರ್ ಕಟಿಂಗ್ ಪಟ್ಟಿಗಳ ನಡುವಿನ ಚೌಕದಲ್ಲಿ ಉಳಿಯುವ ಹಾಗೆ ನೋಡಿಕೊಂಡೆ.

ಪಟ್ಟಿ 25 ಮಿಲಿಮೀಟರ್ ದಪ್ಪ, ಹಲಗೆ 12. ಸ್ಕ್ರೂ 32. ಅಂದರೆ ಹಲಗೆಯೊಳಗೆ 7 ಮಿಲಿಮೀಟರ್ ಕಚ್ಚುತ್ತದೆ, ಮುಖಕ್ಕೆ ಇನ್ನೂ 5 ಉಳಿಯುತ್ತದೆ. ಡ್ರಿಲ್ ಬಿಟ್ಟಿಗೆ 31ನೇ ಮಿಲಿಮೀಟರಿನಲ್ಲಿ ಬಣ್ಣದ ಟೇಪ್ ಸುತ್ತಿ, ಟೇಪ್ ಮರ ಮುಟ್ಟಿದ ಕೂಡಲೇ ನಿಲ್ಲಿಸುತ್ತ ಹೋದೆ. ಮುಖದ ಕಡೆ ಒಂದು ತುದಿ ಹೊರಬಂದಿದ್ದರೆ ಅಷ್ಟೂ ದಿನದ ಕೆಲಸ ನೀರುಪಾಲು. ಮಧ್ಯದಿಂದ ಶುರುಮಾಡಿ ಹೊರಗೆ ಹೋಗುತ್ತ ಸ್ಕ್ರೂ ಬಿಗಿದೆ. ಸಂಜೆ ದಾರ ಬಿಗಿದು ನೋಡಿದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕಾಯಿ ತಳ್ಳಿದೆ. ತಳ್ಳಿದ ದಾರಿಯಲ್ಲೇ ಹೋಗಿ ನಿಂತಿತು.

ಹದಿಮೂರನೆಯ ದಿನ: ನಾಲ್ಕನೆಯ ಪಾಕೆಟ್ಟು

ದೊಡ್ಡದಾಗಿದ್ದ ಪಾಕೆಟ್ಟಿಗೆ ಅದೇ ದಪ್ಪದ ಪ್ಲೈವುಡ್ಡಿನಿಂದ ಬಿದಿಗೆ ಚಂದ್ರನಂಥ ತುಂಡು ಕತ್ತರಿಸಿದೆ, ನಡುವೆ 5 ಮಿಲಿಮೀಟರಿಗೂ ಕಡಿಮೆ ಅಗಲ. ಮೂರು ತುಂಡು ಹಾಳಾಗಿ ನಾಲ್ಕನೆಯದು ಕೂತಿತು. ಅಂಟು ಹಾಕಿ, ಮಡಿಸಿದ ರಬ್ಬರ್ ಪಟ್ಟಿಯನ್ನು ಪಾಕೆಟ್ಟಿನೊಳಗೆ ಬಿಗಿಯಾಗಿ ತುರುಕಿ ಹಿಡಿಸಿದೆ. ಸಂಜೆ ತೆಗೆದು, ದುಂಡು ಕೋಲಿಗೆ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿದರೆ ಕೂಡು ಕಾಣದಷ್ಟು ಸಮವಾಯಿತು. ಕ್ಯಾಲಿಪರ್ 4.45 ತೋರಿಸಿತು. ತುಂಬ ಸಂತೋಷವಾಗಿ ಫೋಟೋ ಹಾಕಿದೆ: ಈಗ ನಾಲ್ಕೂ ಪಾಕೆಟ್ಟು ನಿಯಮಕ್ಕೆ ಸರಿಯಾಗಿವೆ.

ಹತ್ತು ನಿಮಿಷಕ್ಕೆ ದೊಡ್ಡಕ್ಕನ ಫೋನು.

"ಆ ಪಾಕೆಟ್ ಮುಚ್ಚಿಬಿಟ್ಟೆಯೇನೋ?"

"ಹೂಂ ಅಕ್ಕ. ಯಾರೋ ಅರ ಹಾಕಿ ಕೆಡಿಸಿದ್ದರಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾರೋ ಅಲ್ಲ ಕಣೋ. ಅಜ್ಜ."

ಅವಳು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ. ಪುಟ್ಟಿಗೆ ಆಗ ಐದು ವರ್ಷ. ಕೈ ಬೋರ್ಡಿನ ಮೇಲೆ ಪೂರ್ತಿ ಚಾಚುತ್ತಲೂ ಇರಲಿಲ್ಲ. ಒಂದು ಕಾಯಿಯೂ ಬೀಳುತ್ತಿರಲಿಲ್ಲ, ಅವಳ ಜೋಡಿಯಾದವರು ಸೋಲುತ್ತಿದ್ದರು, ಅದಕ್ಕೇ ಯಾರೂ ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವಳು ಕಿಟಕಿಯ ಕಟ್ಟೆ ಹತ್ತಿ ಕೂತು ನಾವು ಆಡುವುದನ್ನು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಜ್ಜ ದೊಡ್ಡಕ್ಕನನ್ನು ಎಬ್ಬಿಸಿ, ಬೋರ್ಡು ಅಲುಗದ ಹಾಗೆ ಹಿಡಿದುಕೋ ಅಂದರು. ಅರೆದುಂಡು ಅರ ತೆಗೆದುಕೊಂಡು ಎರಡು ಸಲ ಉಜ್ಜುವುದು, ಕಾಯಿ ಬಿಟ್ಟು ನೋಡುವುದು, ಮತ್ತೆ ಎರಡು ಸಲ ಉಜ್ಜುವುದು. "ಜಾಸ್ತಿ ಆದರೆ ಎಲ್ಲರಿಗೂ ಗೊತ್ತಾಗುತ್ತೆ" ಎಂದು ಪಿಸುಗುಟ್ಟುತ್ತಿದ್ದರಂತೆ. ಬಿದ್ದ ಪುಡಿಯನ್ನು ದೊಡ್ಡಕ್ಕ ಕೈಯಲ್ಲೇ ಬಳಿದು ಹೊರಗೆ ಹಾಕಿದಳು. ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡರು.

ಮಾರನೆಯ ದಿನದಿಂದ ಎರಡು ಕಟ್ಟಳೆ ಬಂದವು. ಪುಟ್ಟಿಯನ್ನು ಬಿಟ್ಟು ಆಡುವಂತಿಲ್ಲ, ಅವಳು ಬಾಗಿಲಿಗೆ ಬೆನ್ನು ಮಾಡಿ ಕೂರಬೇಕು. ಮತ್ತೆ, ಗಂಟು ಕಿಟಕಿ ಕಡೆಗೆ ಬರಲಿ.

ನಾನು ಎದ್ದು ಬೋರ್ಡಿನ ಮುಂದೆ ಹೋಗಿ ನಿಂತೆ. ಗಂಟನ್ನು ಆ ಮನೆಯ ಕಿಟಕಿಯ ದಿಕ್ಕಿಗೆ ಇಟ್ಟು, ಬಾಗಿಲಿಗೆ ಬೆನ್ನು ಮಾಡಿದವರ ಜಾಗದಲ್ಲಿ ಕೂತು ನೋಡಿದೆ. ನಾಲ್ಕನೆಯ ಪಾಕೆಟ್ಟು ಅವಳ ಎದುರಿನ ಬಲಮೂಲೆ. ಬಲಗೈಯಲ್ಲಿ ಹೊಡೆಯುವ ಸಣ್ಣ ಮಗು ಕಣ್ಣು ನೆಟ್ಟು ಹೊಡೆಯುವ ಮೊದಲ ಮೂಲೆ ಅದೇ. ಅದೇ ಪಾಕೆಟ್ಟು ಅವಳ ಎಡಗಡೆ ಕೂತವರಿಗೆ ಎದುರಿನ ಎಡಮೂಲೆ. ಅಲ್ಲಿ ಕೂರುತ್ತಿದ್ದವನು ಭಾವ.

"ಅವನಿಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿರಲಿಲ್ಲ. ಅಲ್ಲಿ ಕೂತರೆ ಚೆನ್ನಾಗಿ ಬೀಳುತ್ತೆ ಅಂತಷ್ಟೇ ಗೊತ್ತಿತ್ತು."

ಹದಿನಾಲ್ಕನೆಯ ದಿನ: ಹಾಕಿದ್ದನ್ನು ತೆಗೆಯುವುದು

ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ ಇದೇ. ನಿಯಮದ ಬೋರ್ಡು ಬೇಕಿದ್ದವರು ಹೊಸದು ತಂದುಕೊಳ್ಳಬಹುದು. ಹನ್ನೊಂದು ಜನ ಬರುವುದು ಈ ಬೋರ್ಡಿಗೆ.

ಬಿಳಿ ಅಂಟಿನ ಒಳ್ಳೆಯ ಗುಣ ಏನೆಂದರೆ ಬಿಸಿ ಮತ್ತು ತೇವ ಎರಡೂ ತಾಗಿದರೆ ಮೆದುವಾಗುತ್ತದೆ. ನೀರು ಹೆಚ್ಚಾದರೆ ಹಲಗೆಯ ಅಂಟೂ ಬಿಟ್ಟೀತು ಎಂದು ಹೆದರಿ, ಮೊದಲು ಸಣ್ಣ ಉಳಿಯಿಂದ ತುಂಡಿನ ಮಧ್ಯವನ್ನು ಸೀಳಿ ಚೂರು ಚೂರಾಗಿ ತೆಗೆದೆ. ಗೋಡೆಗೆ ಅಂಟಿದ್ದ ತೆಳ್ಳನೆ ಪದರ ಉಳಿಯಿತು. ಬಿಳಿ ವಿನೆಗರ್ ಬಿಸಿ ಮಾಡಿ, ಬಟ್ಟೆಯ ತುದಿ ಅದ್ದಿ ಹಿಂಡಿ, ಅದರ ಮೇಲೆ ಐದು ನಿಮಿಷ ಒತ್ತಿ ಹಿಡಿಯುವುದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು. ಅಂಟು ಮೊಸರಿನ ಹಾಗೆ ಬಿಳಿಯಾಗಿ ಎದ್ದು ಬಂತು. ಹೀಗೆ ಎಂಟೊಂಬತ್ತು ಸಲ ಮಾಡಿದ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಎಡದಿಂದ ಬಲಕ್ಕೆ ಇಳಿಜಾರಾಗಿ, ಒಂದರ ಪಕ್ಕ ಒಂದು, ಎರಡೆರಡು ಗೀರುಗಳ ಗುಂಪು. ಎರಡು ಸಲ ಉಜ್ಜಿ ನಿಲ್ಲಿಸಿ ಕಾಯಿ ಬಿಟ್ಟು ನೋಡಿದ್ದು ಮರದಲ್ಲಿ ಹಾಗೇ ಇತ್ತು.

ಆ ಅಂಚಿಗೆ ಸ್ಯಾಂಡ್ ಪೇಪರ್ ತಾಗಿಸಲಿಲ್ಲ. ತೇವ ಹೋಗದ ಹಾಗೆ ತೆಳುವಾಗಿ ಒಂದು ಕೋಟು ಅರಗಿನ ಪಾಲಿಶ್ ಮಾತ್ರ ಸವರಿದೆ.

ಹದಿನೈದರಿಂದ ಇಪ್ಪತ್ತೊಂದು: ಮುಖ

ಉಜ್ಜುವ ಮೊದಲು ಹಳೆಯ ಗೆರೆಗಳನ್ನೆಲ್ಲ ಟ್ರೇಸಿಂಗ್ ಹಾಳೆಗೆ ಇಳಿಸಿಕೊಂಡೆ. ಪ್ಲೈವುಡ್ಡಿನ ಮೇಲಿನ ಪದರ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಯಂತ್ರ ಹಚ್ಚಿದರೆ ಒಂದು ಕ್ಷಣದಲ್ಲಿ ಕೆಳಗಿನ ಪದರ ಕಾಣಿಸಿಕೊಳ್ಳುತ್ತದೆ. ಚಪ್ಪಟೆ ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ ಕೈಯಲ್ಲೇ ಉಜ್ಜಿದೆ: 180, 240, 320. ಎಳೆಯ ಉದ್ದಕ್ಕೆ ಮಾತ್ರ.

ಗೆರೆ ಎಳೆಯಲು ಕಪ್ಪು ವಾಟರ್‌ಪ್ರೂಫ್ ಇಂಕು ಮತ್ತು ರೂಲಿಂಗ್ ಪೆನ್ನು. ಬೇರೆ ಹಲಗೆಯ ಮೇಲೆ ಪರೀಕ್ಷೆ ಮಾಡಿದಾಗ ಇಂಕು ಎಳೆಗಳ ಉದ್ದಕ್ಕೆ ಹರಡಿ ಗೆರೆಗೆ ಮೀಸೆ ಬಂತು. ಮೊದಲು ಅರಗಿನ ಪಾಲಿಶ್ ಒಂದು ತೆಳು ಕೋಟು ಕೊಟ್ಟು ಒಣಗಿಸಿ ಆಮೇಲೆ ಎಳೆದರೆ ಗೆರೆ ಚೊಕ್ಕ. ಅಳತೆಗಳು ಫೆಡರೇಷನ್ ನಿಯಮದವೇ, ಹಳೆಯ ಗೆರೆಗಳಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಬೇಸ್ ಲೈನ್ 47 ಸೆಂಟಿಮೀಟರ್ ಉದ್ದ. ಕೆಳಗಿನ ದಪ್ಪ ಗೆರೆ ಚೌಕಟ್ಟಿನಿಂದ 10.15 ದೂರ. ತುದಿಯ ವೃತ್ತಗಳು 3.18, ಅದರೊಳಗಿನ ಕೆಂಪು 2.54. ಮಧ್ಯದ ಕೆಂಪು 3.18, ಅದರ ಸುತ್ತಿನ ದೊಡ್ಡ ವೃತ್ತ 17. ಮೂಲೆಯ ಬಾಣಗಳು 45 ಡಿಗ್ರಿ ಓರೆಗೆ. ಮೂಲೆಮಟ್ಟ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಮೇಲೆ ಲ್ಯಾಕರ್ ನಾಲ್ಕು ತೆಳು ಕೋಟು, ನಡುನಡುವೆ 600ರ ಪೇಪರ್ ಮೆಲ್ಲಗೆ. ಬೆನ್ನಿಗೂ ಅಷ್ಟೇ ಕೋಟು, ಪೇಪರ್ ಕಟಿಂಗ್ ಮೇಲೂ ಸೇರಿಸಿ. ಬೆನ್ನಿಗೆ ಲ್ಯಾಕರ್ ಯಾಕೆ ಎಂದು ಮನೆಯವರು ಕೇಳಿದರು. ಯಾರ ಕಣ್ಣಿಗೂ ಬೀಳದ ಆ ಕೋಟುಗಳೇ ಬೋರ್ಡನ್ನು ಮುಂದೆ ನೇರವಾಗಿಡುವುದು.

ಇಪ್ಪತ್ತೆರಡನೆಯ ದಿನ: ಜೋಡಣೆ

ಚೌಕಟ್ಟು ಸಂಖ್ಯೆಯ ಪ್ರಕಾರ ಕೂತಿತು. ಸಡಿಲ ಕೂಡಿಗೆ ಅಂಟು ಹಾಕಿ ಮೂಲೆಮಟ್ಟ ಹಿಡಿದು ಬಿಗಿದದ್ದಷ್ಟೇ.

ಕಾಯಿಗಳನ್ನು ತಕ್ಕಡಿಗೆ ಹಾಕಿದರೆ ಹಳೆಯವು ಸವೆದು 4.6 ಗ್ರಾಂನಿಂದ 4.9ರವರೆಗೆ ಇದ್ದವು. ನಿಯಮ 5ರಿಂದ 5.5. ಹೊಸ ಮೂರನ್ನು ಹಳೆಯದರ ಜೊತೆ ಬೆರೆಸಿದರೆ ಹಗುರದ ಕಾಯಿ ಭಾರದ್ದಕ್ಕೆ ಬಡಿದು ಅಡ್ಡಾದಿಡ್ಡಿ ಹೋಗುತ್ತದೆ. ಆಡಲು ಪೂರ್ತಿ ಹೊಸ ಸೆಟ್ಟು ತಂದೆ, ಹಳೆಯ ಹದಿನಾರನ್ನು ಚೀಲಕ್ಕೆ ಹಾಕಿಟ್ಟೆ. ಬಲೆಗಳನ್ನು ಅತ್ತೆಯ ಮಗಳು, ನನ್ನ ಅತ್ತಿಗೆ, ದಪ್ಪ ಹತ್ತಿ ದಾರದಲ್ಲಿ ಹೆಣೆದು ಕಳಿಸಿದ್ದಳು. ನಾಲ್ಕನೆಯದನ್ನು ಸ್ವಲ್ಪ ಅಗಲ ಹೆಣೆದಿದ್ದಳು, ದೊಡ್ಡಕ್ಕ ಹೇಳಿರಬೇಕು.

ಕೊನೆಗೆ ಓಟದ ಪರೀಕ್ಷೆ. 15 ಗ್ರಾಂ ಸ್ಟ್ರೈಕರನ್ನು ಒಂದು ಕಡೆಯಿಂದ ಪೂರ್ತಿ ಬಲದಲ್ಲಿ ಹೊಡೆದರೆ ಬೋರ್ಡಿನ ಉದ್ದವನ್ನು ಮೂರೂವರೆ ಸಲ ಓಡಬೇಕು. ಪೌಡರ್ ಇಲ್ಲದೆ ಎರಡೂವರೆ. ಚಿಟಿಕೆ ಬೋರಿಕ್ ಪೌಡರ್ ಹಾಕಿ ಅಂಗೈಯಲ್ಲಿ ಸವರಿದ ಮೇಲೆ ಮೂರನೆಯ ಸಲ ತಿರುಗಿ ನಡುಗೆರೆ ದಾಟಿ ನಿಂತಿತು. ಈ ಪೌಡರ್ ಹೊಟ್ಟೆಗೆ ಹೋಗಬಾರದ ವಸ್ತು. ಆ ಎರಡು ದಿನ ಮನೆ ತುಂಬ ಪುಟ್ಟ ಮಕ್ಕಳಿರುತ್ತಾರೆ, ಆದ್ದರಿಂದ ಡಬ್ಬಿಯನ್ನು ಎತ್ತರದ ಜಾಗದಲ್ಲಿಟ್ಟೆ. ಆಡಿದವರು ಕೈ ತೊಳೆಯಲೇಬೇಕು ಎಂದು ಮೊದಲೇ ಹೇಳಿದ್ದೆ.

ಸೇರಿದ ದಿನ

ಹನ್ನೊಂದು ಜನವೂ ಬಂದರು. ಮಕ್ಕಳು, ಸೊಸೆಯಂದಿರು, ಅಳಿಯಂದಿರು ಬೇರೆ. ಬೋರ್ಡು ಹಾಸುವಾಗ ಅಲ್ಲಿದ್ದ ಏಳೆಂಟು ಜನ ಒಟ್ಟಿಗೆ "ಗಂಟು ಕಿಟಕಿ ಕಡೆಗೆ" ಅಂದರು. ಅದು ಬೇರೆ ಮನೆ, ಕಿಟಕಿ ಬೇರೆ ದಿಕ್ಕಿಗಿತ್ತು. ಅದಕ್ಕೆ ತಕ್ಕಂತೆ ಎಲ್ಲರೂ ತಿರುಗಿ ಕೂತರು.

ಭಾವ ಯಾರನ್ನೂ ಕೇಳದೆ ತನ್ನ ಹಳೆಯ ಜಾಗದಲ್ಲಿ ಕೂತ. ಪುಟ್ಟಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಬಲಗಡೆ. ಮಗಳಿಗೂ ಈಗ ಐದು. ಕಾಯಿ ಜೋಡಿಸುವಷ್ಟರಲ್ಲಿ ದೊಡ್ಡಕ್ಕ ಬಂದು ಪುಟ್ಟಿಯ ಬೆನ್ನಿನ ಹಿಂದೆ ಕುರ್ಚಿ ಎಳೆದುಕೊಂಡು, ಇಷ್ಟು ವರ್ಷ ಇಟ್ಟುಕೊಂಡಿದ್ದ ಮಾತನ್ನು ಎಲ್ಲರೆದುರು ಹೇಳಿದಳು. ಅಜ್ಜ ಇದ್ದಿದ್ದರೆ ಬೈಯುತ್ತಿದ್ದರು, ಆದರೆ ಈಗ ಹೇಳದಿದ್ದರೆ ಮುಂದೆ ಹೇಳಲು ಯಾರೂ ಇರುವುದಿಲ್ಲ ಅಂದಳು.

ಪುಟ್ಟಿ ಮುಂದಕ್ಕೆ ಬಾಗಿ ಎದುರಿನ ಬಲಮೂಲೆಯ ಪಾಕೆಟ್ಟಿನೊಳಗೆ ಬೆರಳು ಹಾಕಿ ಅಂಚನ್ನು ಸವರಿದಳು. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಆಮೇಲೆ ಮಗಳ ಬೆರಳು ಹಿಡಿದು ಅದನ್ನೂ ಅಲ್ಲಿ ಸವರಿಸಿದಳು. ಭಾವ ತನ್ನ ಜಾಗದಿಂದ ಎದ್ದು ಚಿಕ್ಕಪ್ಪನ ಮಗನನ್ನು ಅಲ್ಲಿ ಕೂರಿಸಿ, ಎದುರಿಗೆ ಹೋಗಿ ಕೂತ. ಮೊದಲ ಆಟ ಅವನು ಸೋತ, ಎರಡನೆಯದನ್ನು ಆ ಕಡೆಯಿಂದಲೇ ಗೆದ್ದ.

ಎರಡು ದಿನದಲ್ಲಿ ಎಷ್ಟು ಆಟ ನಡೆಯಿತೋ ಲೆಕ್ಕವಿಲ್ಲ. ಅಡ್ಡಪಟ್ಟಿ ಚೆನ್ನಾಗಿ ನಿಂತಿದೆ. ಲ್ಯಾಕರ್ ಇನ್ನೊಂದು ವಾರ ಒಣಗಿದ್ದರೆ ಒಳ್ಳೆಯದಿತ್ತು, ಬೇಸ್ ಲೈನಿನ ಹತ್ತಿರ ಸ್ಟ್ರೈಕರ್ ಉಜ್ಜಿ ಎರಡು ಕಡೆ ಮಂಕಾಗಿದೆ. ಮುಂದಿನ ಸಲ ಅಲ್ಲಿಗೆ ಮಾತ್ರ ಒಂದು ಕೋಟು ಕೊಟ್ಟರೆ ಸಾಕು.

ಬೋರ್ಡು ಈಗ ಪುಟ್ಟಿಯ ಮನೆಯಲ್ಲಿದೆ, ಮಂಚದ ಕೆಳಗೆ, ಮಲಗಿಸಿ. ಗೋಡೆಗೆ ಒರಗಿಸಬೇಡ ಎಂದು ಬೆನ್ನಿನ ಪಟ್ಟಿಯ ಮೇಲೆ ದೊಡ್ಡಕ್ಕ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಿದ್ದಾಳೆ.